ಕೆಂಪುಗಡ್ಡದ ಆಲನ್‌ನ ಮರಿಮಗ

“ಇನ್ನೂ ಹತ್ತಿರ ತಾರಯ್ಯಾ!” ಎಂದು ಕತ್‌ಬರ್ಟ್ ಮೇಜು ಗುದ್ದಿದ ರಭಸಕ್ಕೆ ಮೂರು ಗುಡ್ಡದಾಚೆಯ ಕುರಿಗಳು ಮೇಯುವುದನ್ನು ನಿಲ್ಲಿಸಿದವು.

ವಂಶಾವಳಿ ಬರೆಯುವ ಗಿಲ್‌ಕ್ರಿಸ್ಟ್ ಚಾಕು ತೆಗೆದು, ಕುರಿತೊಗಲಿನ ಹಾಳೆಯ ಮೇಲಿನ ಹೆಸರುಗಳನ್ನು ಮತ್ತೊಮ್ಮೆ ಹೆರೆದು ಅಳಿಸತೊಡಗಿದ. ಅವನಂಥ ಕಸುಬುದಾರ ಸ್ಕಾಟ್ಲೆಂಡಿನಲ್ಲಿ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಮನಸ್ಸು ಮಾಡಿದರೆ ಯಾವ ಕತ್ತೆಯನ್ನಾದರೂ ಹನ್ನೊಂದೇ ಹೆಸರುಗಳಲ್ಲಿ ನೋಹನ ನಾವೆಗೆ ಹತ್ತಿಸಿ, ಅಲ್ಲಿ ಅದಕ್ಕೊಂದು ಒಳ್ಳೆಯ ಜಾಗವನ್ನೂ ಕೊಡಿಸಬಲ್ಲವನು.

“ನಿಮ್ಮ ಮಾವನವರ ಮನೆತನಕ್ಕೆ ಏಳು ತಲೆಮಾರು ಹಿಂದಿನ ನೆಂಟಸ್ತನ ಸಾಕು ಒಡೆಯಾ. ಅಷ್ಟು ದೂರ ಹೋಗಿ ಯಾರೂ ಕೆದಕಲ್ಲ.”

“ಏಳಾ?” ಕಿಟಕಿಯ ಬಳಿ ನೂಲುತ್ತಿದ್ದ ಮರಿಯೊಟಾ ತಿರುಗಿಯೂ ನೋಡದೆ ನಕ್ಕಳು. “ಅಷ್ಟು ದೂರದ ನೆಂಟಸ್ತನ ನಮ್ಮಪ್ಪನ ಬೇಟೆನಾಯಿಗೂ ಇದೆ.”

ಕತ್‌ಬರ್ಟ್ ಬೆಂದ ಏಡಿಯಂತೆ ಕೆಂಪಾದ. ಹೆಂಡತಿಯ ನಾಲಗೆಯೇ ಹಾಗೆ. ಆದರೆ ಊರೂರು ವಿಚಾರಿಸಿ ಈ ಗಿಲ್‌ಕ್ರಿಸ್ಟ್‌ನನ್ನು ಕರೆಸಿಕೊಟ್ಟವಳೂ ಅವಳೇ. ಗಂಡನ ಹುಟ್ಟು ಅವಳಿಗೂ ನಾಚಿಕೆಯ ಸಂಗತಿಯಾಗಿರಬೇಕು.

ನಾಚಿಕೆ ಏಕಾಗದು! ಕತ್‌ಬರ್ಟ್‌ನ ತಾತ ಪೇಟೆಯಲ್ಲಿ ತೊಗಲು ಹದ ಮಾಡುತ್ತಿದ್ದ. ಅವನ ಹೊಂಡದ ನಾತಕ್ಕೆ ಹಾರುವ ಕಾಗೆ ನೆಲಕ್ಕೆ ಬೀಳುತ್ತಿತ್ತು. ಅಪ್ಪ ಸೈನ್ಯಕ್ಕೆ ಬೂಟು ಮಾರಿ ಸಿರಿವಂತನಾದ. ಮಗ ಆ ಸಿರಿಯಿಂದ ಸರ್ ಫಿನ್ಲೇಯ ಕುಸಿದ ಕೋಟೆಗೆ ಸೂರು ಹಾಕಿಸಿಕೊಟ್ಟು, ಅವನ ಒಬ್ಬಳೇ ಮಗಳನ್ನು ಕಟ್ಟಿಕೊಂಡ. ಅವಳ ಜೊತೆಗೆ ಅವಳ ತಾಯಿಯ ಪಾಲಿನ ಕಣಿವೆ, ಬುರುಜು, ಅರ್ಧ ನದಿಯ ಸಾಲ್ಮನ್ ಮೀನು, ಎಲ್ಲ ಬಂತು. ಗಂಡನಾಗಿರುವಷ್ಟು ಕಾಲ ಎಲ್ಲ ಅವನದೇ.

“ಭೂಮಿ ಬೇಕಿತ್ತು, ನೀನು ಕೊಸರಿಗೆ ಬಂದೆ,” ಎಂದು ಅವಳ ಮುಖಕ್ಕೇ ಹೇಳುತ್ತಿದ್ದ. ಆರು ವರ್ಷದಲ್ಲಿ ಅವಳ ತಾಯಿ ಸಾಕಿದ ಓಕ್ ಮರಗಳನ್ನೆಲ್ಲ ಕಡಿಸಿದ. ಮುದಿ ಒಕ್ಕಲುಗಳನ್ನು ಹಿಮದಲ್ಲೇ ಹೊರಗಟ್ಟಿದ. ಮಕ್ಕಳಾಗಲಿಲ್ಲ. ಅದಕ್ಕೂ ಅವಳನ್ನೇ ಬೈದ.

ಇಷ್ಟಿದ್ದೂ ಮಾವನ ಮನೆಯ ಔತಣದಲ್ಲಿ ಅವನಿಗೆ ಮೇಜಿನ ಕಟ್ಟಕಡೆಯ ಜಾಗ. ಬೆಳ್ಳಿಯ ಉಪ್ಪಿನ ಬಟ್ಟಲಿನಿಂದ ಮೇಲೆ ಮನುಷ್ಯರು, ಕೆಳಗೆ ಉಳಿದವರು. ಅವನು ಕೂರುತ್ತಿದ್ದುದು ಗಿಡುಗ ಸಾಕುವವನಿಗೂ ಕೆಳಗೆ, ಬಾಗಿಲ ಸಂದಿಯ ಗಾಳಿಗೆ.

“ನಮ್ಮ ಚಿಕ್ಕಮ್ಮನ ಮದುವೆಗೆ ರೋಮಿನಿಂದ ಪೋಪರ ಅಪ್ಪಣೆ ಬರಬೇಕಾಯ್ತು,” ಮರಿಯೊಟಾ ಎಳೆ ಎಳೆಯುತ್ತ ಹೇಳಿದಳು. “ದೊಡ್ಡ ಮನೆತನಗಳೇ ಹಾಗೆ, ಎಲ್ರೂ ಎಲ್ರಿಗೂ ನೆಂಟರು. ನಿನ್ನ ಮದುವೆಗೆ ಯಾವ ಅಪ್ಪಣೆ? ಪಾದ್ರಿ ಒಂದ್ಸಲ ಸೀನಿದ, ಮುಗೀತು.”

“ಬರಿಯೋ!” ಕತ್‌ಬರ್ಟ್ ಗುಡುಗಿದ. “ಇವಳ ಮುತ್ತಾತ ಯಾರು?”

“ಕೆಂಪುಗಡ್ಡದ ಆಲನ್, ಒಡೆಯಾ. ಒಂದೇ ಏಟಿಗೆ ಏಳು ಜನರ ತಲೆ ಹಾರಿಸಿದವರು.”

“ನನ್ನ ಮುತ್ತಾತನೂ ಅವನೇ ಅಂತ ಬರಿ!”

ಗಿಲ್‌ಕ್ರಿಸ್ಟ್ ಬರೆದ. ಆಲನ್‌ಗೆ ಒಬ್ಬ ಕಿರಿಮಗನಿದ್ದ. ಶತ್ರುಗಳಿಗೆ ಹೆದರಿ ಅಲ್ಲ, ಛೆ! ಅವರನ್ನು ಮೋಸಗೊಳಿಸಲು ಹೊಂಡದೊಳಗಿಳಿದು ನಲವತ್ತು ವರ್ಷ ತೊಗಲು ಹದ ಮಾಡಿದ. ಓದುತ್ತ ಓದುತ್ತ ಕತ್‌ಬರ್ಟ್‌ನ ಕಣ್ಣಲ್ಲೇ ನೀರು ಬಂತು.

ಬರೆದರೆ ಸಾಲದು, ಪ್ರಮಾಣವಾಗಬೇಕು. ಸೇಂಟ್ ಆಂಡ್ರೂ ಹಬ್ಬದ ಬೆಳಿಗ್ಗೆ ನ್ಯಾಯಸಭೆಯಲ್ಲಿ ಆ ವಂಶಾವಳಿಯನ್ನು ಒಪ್ಪಲೋ ತಳ್ಳಲೋ ಹದಿನೈದು ಜಮೀನುದಾರರು ಸಾಲಾಗಿ ಕುಳಿತರು. ಅವರಲ್ಲಿ ಒಬ್ಬ ಇಲ್ಲವೆಂದರೂ ಸಾಕು, ತೊಗಲಿನವನ ಮೊಮ್ಮಗ ಏಳು ಜನ್ಮಕ್ಕಾಗುವಷ್ಟು ನಗೆಪಾಟಲು.

ಸರ್ ಫಿನ್ಲೇ ಎದ್ದ. ಅಳಿಯನ ಹೆಸರು ಬಂದಾಗಲೆಲ್ಲ ಉಗುಳಲು ಜಾಗ ಹುಡುಕುವ ಮನುಷ್ಯ.

“ಅಳಿಯಂದ್ರೇ, ನನ್ನ ತಾತನೇ ನಿಮ್ಮ ಮುತ್ತಾತ ಅಂತೀರಾ?”

“ಹೌದು.”

“ಇನ್ನೊಂದ್ಸಲ ಯೋಚಿಸಿ. ಏನೋ ದೂರದ ನಂಟು ಅಂತ ಬರೆಸ್ಕೊಳ್ಳಿ, ಬಿಟ್ಬಿಡ್ತೀನಿ.”

“ದೂರ ಗೀರ ಏನಿಲ್ಲ! ಒಂದೇ ರಕ್ತ!” ಎಂದು ಕತ್‌ಬರ್ಟ್ ಸುವಾರ್ತೆಯ ಪುಸ್ತಕಕ್ಕೆ ಲೊಚಲೊಚನೆ ಮೂರು ಮುತ್ತು ಕೊಟ್ಟ. ಮೊಹರನ್ನೂ ಒತ್ತಿದ.

ಒಬ್ಬನೂ ಇಲ್ಲವೆನ್ನಲಿಲ್ಲ. ಹದಿನೈದಕ್ಕೆ ಹದಿನೈದೂ ಮಂದಿ ಒಪ್ಪಿದರು. ಸರ್ ಫಿನ್ಲೇ ಬಂದು, ಆರು ವರ್ಷದಲ್ಲಿ ಮೊದಲ ಬಾರಿಗೆ ಅವನನ್ನು ತಬ್ಬಿಕೊಂಡ.

ಮಧ್ಯಾಹ್ನದ ಔತಣದಲ್ಲಿ ಕತ್‌ಬರ್ಟ್ ಉಪ್ಪಿನ ಬಟ್ಟಲನ್ನು ದಾಟಿ, ಕಟ್ಟೆಯ ಮೇಲಿನ ದೊಡ್ಡವರ ಮೇಜಿಗೆ ಹತ್ತಿ, ಮಾವನ ಬಲಕ್ಕೆ ಕುಳಿತ. ಕೆಳಗಿದ್ದ ಗಿಡುಗದವನತ್ತ ಒಂದು ಎಲುಬು ಎಸೆದ. ಮರಿಯೊಟಾ ನಕ್ಕಳು. ಅವಳಿಗೂ ಹಲ್ಲಿವೆಯೆಂದು ಅವನಿಗೆ ಗೊತ್ತಾದದ್ದು ಆಗಲೇ.

ಆಗ ಬಿಷಪ್ಪರ ನ್ಯಾಯಪೀಠದಿಂದ ಬಂದಿದ್ದ ಪಾದ್ರಿ ಎದ್ದು ಗಂಟಲು ಸರಿಮಾಡಿಕೊಂಡ.

“ನಾಲ್ಕು ತಲೆಮಾರಿನೊಳಗೆ ಒಂದೇ ರಕ್ತವಾದವರು ಪೋಪರ ಅಪ್ಪಣೆಯಿಲ್ಲದೆ ಮದುವೆಯಾದರೆ ಅದು ಮದುವೆಯೇ ಅಲ್ಲ. ಇವರದು ಮೂರೇ ತಲೆಮಾರು ಅಂತ ಈಗ ಪ್ರಮಾಣವಾಗಿದೆ. ಅಪ್ಪಣೆ ತಂದಿಲ್ಲ. ಈ ಮದುವೆ ರದ್ದು ಮಾಡಿ ಅಂತ ಮರಿಯೊಟಾ ಅಮ್ಮನವರು ಕಳೆದ ವಸಂತದಲ್ಲೇ ಕೊಟ್ಟಿದ್ದ ಅರ್ಜಿ ಒಪ್ಪಿದ್ದೇವೆ. ಅವರ ಭೂಮಿ ಅವರಿಗೆ.”

ಕತ್‌ಬರ್ಟ್ ಬಾಯಿ ತೆರೆದ. ‘ನಾನು ತೊಗಲಿನವನ ಮೊಮ್ಮಗ’ ಎಂದರೆ ಸುಳ್ಳು ಪ್ರಮಾಣಕ್ಕೆ ಸೆರೆಮನೆ. ಬಾಯಿ ಮುಚ್ಚಿದ.

ಮರಿಯೊಟಾ ಸಾಲ್ಮನ್‌ನ ದೊಡ್ಡ ತುಂಡೊಂದನ್ನು ಕೈಯಾರೆ ಅವನ ತಟ್ಟೆಗೆ ಬಡಿಸಿದಳು.

“ಊಟ ಮಾಡ್ಕೊಂಡೇ ಹೊರಡು, ಅಣ್ಣಾ.”