ಅಜ್ಜನ ಬಶಿ

ಇಂದಿಗೂ ಬೆಲ್ಲದ ಚಹಾ ಕುದಿಯುವ ವಾಸನೆ ಬಂದರೆ ನನ್ನ ಕಣ್ಣು ಮುಚ್ಚಿದ ಬಾಗಿಲೊಂದನ್ನು ಹುಡುಕುತ್ತದೆ.

ಮಸಗುಪ್ಪಿಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದವನು ಅಜ್ಜನೊಬ್ಬನೇ. ಘಟಪ್ರಭಾದ ಬಜಾರದಿಂದ ತಂದ ಪಿಂಗಾಣಿ ಬಶಿಗೆ ಕಪ್ಪಿನ ಚಹಾ ಸುರುವಿಕೊಂಡು, ಊದಿ, ಸೊರ್ರೆಂದು ಎಳೆದು, ಕೊನೆಗೊಮ್ಮೆ ಗಂಟಲು ಕೆರೆಯುತ್ತಿದ್ದ. ಹೆಣ್ಣುಮಕ್ಕಳಿಗೆ ಅದು ಸಲ್ಲದು ಎನ್ನುತ್ತಿದ್ದ. ಆಯಿ, ಅಂದರೆ ನಮ್ಮ ಅಜ್ಜಿ, ಜನ್ಮವಿಡೀ ಕುದಿಸಿ ಕೊಟ್ಟಳೇ ಹೊರತು ಒಂದು ಹನಿ ಬಾಯಿಗೆ ಹಾಕಿದವಳಲ್ಲ.

ಅಜ್ಜ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಅಮಾವಾಸ್ಯೆಯ ಮಧ್ಯಾಹ್ನ ಅದು. ಅವನ ಧೋತರ, ರುಮಾಲುಗಳ ಮುಂದೆ ಹೋಳಿಗೆಯ ಎಡೆ ಇಟ್ಟರು. ಪಕ್ಕದಲ್ಲಿ ಬಶಿಯ ತುಂಬ ಚಹಾ. ಹಿರಿಯರು ಉಣ್ಣುವಾಗ ಯಾರೂ ನೋಡಬಾರದೆಂದು ಬಾಗಿಲು ಮುಚ್ಚುವುದು ರೂಢಿ. ಆದರೆ ಆಯಿ ಏಳಲಿಲ್ಲ.

"ಒಬ್ರ ಹೆಂಗ ಉಣ್ತಾರ? ನಾ ಬಾಜೂ ಕುಂದರ್ತೇನಿ. ನೀವು ಹೋಗ್ರಿ."

ನಾವು ಬಾಗಿಲು ಮುಚ್ಚಿಕೊಂಡು ಬಂದು ಪಡಸಾಲೆಯಲ್ಲಿ ಕುಳಿತೆವು. ಒಳಗಿನಿಂದ ಮೊದಲು ಊದುವ ಸದ್ದು ಬಂತು. ಆಮೇಲೆ ಸೊರ್ರೆಂದು ಎಳೆದದ್ದು. ಕೊನೆಗೆ ಗಂಟಲು ಕೆರೆದದ್ದು, ಥೇಟ್ ಅಜ್ಜನದೇ. ಗೋಡೆಗೆ ಒರಗಿದ್ದ ಅಪ್ಪ ಎದ್ದು ನಿಂತ. ಅವ್ವ ಕೈಮುಗಿದಳು.

"ಬಂದಾರ್ರೀ. ಖರೇನ ಮಾವಾರು ಬಂದಾರ."

ಬಾಗಿಲು ತೆರೆಯಿತು. ಹೋಳಿಗೆ ಮುರಿದಿರಲಿಲ್ಲ, ಬಶಿ ಮಾತ್ರ ಬರಿದಾಗಿತ್ತು. ನಾನು ಹೆದರಿ ಆಯಿಯ ಸೆರಗಿನಲ್ಲಿ ಮುಖ ಹುದುಗಿಸಿದೆ. ಸೆರಗಿನ ತುದಿ ಒದ್ದೆಯಾಗಿತ್ತು, ಬೆಚ್ಚಗಿತ್ತು, ಬೆಲ್ಲದ ಜಿಗುಟು ಕೆನ್ನೆಗೆ ಹತ್ತಿತು.

ಆಯಿ ಅವ್ವನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಇನ್ನ ಮ್ಯಾಲ ಅಮಾಸಿಗೊಮ್ಮಿ ಬರ್ತಾರಂತ. ಬೆಲ್ಲ ಒಂದೀಟು ಹೆಚ್ಚಿಗಿ ಹಾಕಂದ್ರು."