ಒಂದು ಮೊಳದ ದೂರ

ಜೇನಿನ ಹಿಂಡು ತಲೆಯ ಮೇಲೆ ಬಂದು ಕೂತಾಗ ಡಾಕ್ಟರ ಮಗಳು ಹಿತ್ತಲ ಮೆಟ್ಟಿಲ ಮೇಲೆ ಗೆಳತಿಗೆ ಅಕ್ಷರ ತಿದ್ದಿಸುತ್ತಿದ್ದಳು. ಗುಂಯ್ ಎಂದು ಸದ್ದಾಯಿತು ಅಷ್ಟೇ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಜಡೆ, ಕಿವಿ, ಹೆಗಲು ಎಲ್ಲವೂ ಕಂದು ಹುಳುಗಳಡಿ ಮುಚ್ಚಿಹೋಗಿದ್ದವು. ಹೋದ ವರ್ಷ ಒಂದೇ ಒಂದು ಜೇನು ಕಚ್ಚಿದ್ದಕ್ಕೆ ಗಂಟಲು ಬಾತು, ಉಸಿರು ಕಟ್ಟಿ, ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗಿ ಅವಳು. ಈಗ ಸಾವಿರಗಟ್ಟಲೆ!

ಗಾಜಿನ ಬಾಗಿಲ ಹಿಂದೆ ಅಮ್ಮ ಕಲ್ಲಾಗಿ ನಿಂತಳು. ಅಪ್ಪ ಸೂಜಿಮದ್ದು ಹಿಡಿದು, "ಚಿನ್ನೂ, ಅಲ್ಲಾಡ್ಬೇಡ ಕಂದಾ" ಎಂದ. ತೋಟದವನು ಸೀಮೆಎಣ್ಣೆ ಸುರಿದ ಪಂಜು ಹೊತ್ತಿಸಿಕೊಂಡು ಓಡಿಬಂದ.

"ಬೆಂಕಿ ಆರ್ಸು!"

ಕೂಗಿದ್ದು ಪಿಳಿಪಿಳಿ, ಪಕ್ಕದಲ್ಲಿ ಅಕ್ಷರ ತಿದ್ದುತ್ತಿದ್ದ ಗೆಳತಿ. ಗುಡ್ಡದ ಕಾಡಿನವರ ಹುಡುಗಿ. ತಾಯಿ ಈ ಮನೆಯ ಬಟ್ಟೆ ಒಗೆಯುವವಳು. ದೊಡ್ಡ ಕಣ್ಣು ಪಿಳಿಪಿಳಿ ಬಿಡುತ್ತಾಳೆಂದು ಡಾಕ್ಟರ ಮಗಳೇ ಇಟ್ಟ ಹೆಸರು ಅದು. ಎರಡು ವರ್ಷದಲ್ಲಿ ಅವಳು ದನಿ ಎತ್ತಿದ್ದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮ್ಮನ ಕಟ್ಟಪ್ಪಣೆಯೇ ಹಾಗಿತ್ತು: ಆಟವೆಲ್ಲ ಮೆಟ್ಟಿಲ ತನಕ, ಒಳಗೆ ಕಾಲಿಡುವಂತಿಲ್ಲ, ಕೂತರೂ ನಡುವೆ ಒಂದು ಮೊಳ ದೂರ ಇರಬೇಕು, ಹೇನು ಹತ್ತುತ್ತವೆ. ನಿಜ ಹೇಳಬೇಕೆಂದರೆ ಹೇನಿದ್ದದ್ದು ಡಾಕ್ಟರ ಮಗಳ ತಲೆಯಲ್ಲೇ, ಶಾಲೆಯಿಂದ ತಂದದ್ದು. ಆ ಗುಟ್ಟು ಇಬ್ಬರಿಗೇ ಗೊತ್ತು.

ತೋಟದವನು ದಂಗಾಗಿ ಪಂಜನ್ನು ನೀರಿನ ತೊಟ್ಟಿಗೆ ಅದ್ದಿದ.

"ಭಯ ಆಗ್ತಿದೆ ಕಣೇ," ಡಾಕ್ಟರ ಮಗಳು ತುಟಿಯಂಚಿನಲ್ಲೇ ಉಸುರಿದಳು.

"ಆಗ್ಲಿ ಬಿಡು. ಬಾಯಲ್ಲಿ ಉಸಿರು ಬಿಡ್ಬೇಡ, ಮೂಗಲ್ಲಿ ಬಿಡು. ನಡುವೆ ಅಜ್ಜಿ ಇದ್ದಾಳೆ. ನೀವು ರಾಣಿ ಅಂತೀರಲ್ಲ, ನಮ್ಮೋರು ಅಜ್ಜಿ ಅಂತೀವಿ. ಅವಳನ್ನ ಒಂದು ಮಾತು ಕೇಳ್ಬೇಕು, ಅಷ್ಟೇ."

ಪಿಳಿಪಿಳಿ ಒಂದು ಮೆಟ್ಟಿಲು ಮೇಲೆ ಹೋಗಿ ಮಂಡಿಯೂರಿದಳು. ತನ್ನ ಕೂದಲು ಬಿಚ್ಚಿ ಹರಡಿ, ತಲೆಯನ್ನು ಮೆಲ್ಲಗೆ ಗೆಳತಿಯ ತಲೆಗೆ ತಾಗಿಸಿದಳು. "ಅಯ್ಯೋ, ತಲೆ..." ಎಂದು ಅಮ್ಮನ ಬಾಯಿಂದ ಅಭ್ಯಾಸಬಲದಿಂದ ಹೊರಬಿತ್ತು, ಮರುಕ್ಷಣ ನಾಲಿಗೆ ಕಚ್ಚಿಕೊಂಡಳು.

"ಅಜ್ಜೀ, ಬರ್ತೀಯಾ? ಇಲ್ಲಿ ಎತ್ತರ ಇದೆ, ಕತ್ತಲಿದೆ." ಹಾಗೆ ಕೇಳಿ ಪಿಳಿಪಿಳಿ ಹೊಟ್ಟೆಯಾಳದಿಂದ ಸಣ್ಣಗೆ ಗುಂಯ್‌ಗುಡತೊಡಗಿದಳು. ಆ ಸದ್ದು ಡಾಕ್ಟರ ಮಗಳ ತಲೆಬುರುಡೆಯೊಳಗೇ ಇಳಿಯಿತು. ಲೆಕ್ಕವಿಲ್ಲದಷ್ಟು ಪುಟ್ಟ ಕಾಲುಗಳು, ಬೆಚ್ಚನೆಯ ಭಾರ, ಮೇಣದ ವಾಸನೆ, ಜೊತೆಗೆ ಗೆಳತಿಯ ಮೈಯ ಬಟ್ಟೆಸೋಪಿನ ವಾಸನೆ. ಗೆಳತಿಯ ಒಂದು ಬೆರಳು ಕೂದಲೊಳಗೆ ಮೆತ್ತಗೆ ಇಳಿದು ಅಜ್ಜಿಯನ್ನು ಹುಡುಕಿತು, ಸಿಕ್ಕಲ್ಲಿ ನಿಂತಿತು. ಅಬ್ಬಾ! ಮೊದಲು ಒಂದು ಸಾಲು ಹೊರಟಿತು, ಆಮೇಲೆ ಇಡೀ ಹಿಂಡು. ಹಾರಲಿಲ್ಲ, ಗಡಿಬಿಡಿ ಮಾಡಲಿಲ್ಲ. ಒಂದು ತಲೆಯಿಂದ ಇನ್ನೊಂದು ತಲೆಗೆ ನಡೆದುಕೊಂಡೇ ಹತ್ತಿದವು. ನಡುವೆ ಯಾವ ಕೂದಲು ಯಾರದೆಂದು ಗಾಜಿನಾಚೆಯ ಯಾರಿಗೂ ತಿಳಿಯಲಿಲ್ಲ. ಭಯ ಅದ್ಯಾವಾಗ ಹೋಯಿತೋ, ಡಾಕ್ಟರ ಮಗಳಿಗೆ ಈಗ ಆ ನಡಿಗೆ ಮುಗಿಯುವುದೇ ಬೇಡವಾಗಿತ್ತು.

ಪಿಳಿಪಿಳಿ ಹಿಂಡು ಹೊತ್ತು ಎದ್ದಳು. ತುಂಬಿದ ಕೊಡ ಹೊತ್ತವಳಂತೆ ಬೇಲಿಯಾಚೆಯ ಪೊಟರೆ ಮರದ ತನಕ ನಡೆದು ತಲೆ ಬಾಗಿಸಿದಳು. ಕೊನೆಯ ಹುಳವೂ ಒಳಗೆ ಹೋಗುವ ತನಕ ಹಾಗೇ ನಿಂತಿದ್ದು, ವಾಪಸ್ಸು ಬಂದು ಎಂದಿನಂತೆ ಮೆಟ್ಟಿಲ ಕೆಳಗೆ ನಿಂತಳು.

ಅಮ್ಮ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಳು. "ಒಂದೂ ಕಚ್ಚಲಿಲ್ವಲ್ಲೇ! ಅದೇನು ಮಂತ್ರ ಹಾಕ್ದೆ ತಾಯಿ?" ಎನ್ನುತ್ತ ಪಿಳಿಪಿಳಿಯ ಹತ್ತಿರ ಬಂದಳು.

"ಮಂತ್ರ ಏನಿಲ್ಲ ಅಮ್ಮಾವ್ರೇ," ಎನ್ನುತ್ತ ಪಿಳಿಪಿಳಿ ರೂಢಿಯಂತೆ ಒಂದು ಮೊಳ ಹಿಂದೆ ಸರಿದಳು. "ಇವಕ್ಕೆ ಇನ್ನೂ ಮನೆ ಇರ್ಲಿಲ್ಲ. ಮನೆ ಮಾಡ್ಕೊಂಡ ಮೇಲೇ ಜೇನು ಹತ್ರ ಬಂದೋರನ್ನ ಕಚ್ಚೋದು."