ಮಾದೇವಿಗೆಂದು ಎತ್ತಿಟ್ಟ ನೋಟ

ಜನ ನೋಡಿದಷ್ಟೂ ಕಾಡಿನ ಪ್ರಾಣಿಗಳು ಒಗೆದ ಬಟ್ಟೆಯ ಹಾಗೆ ಬಣ್ಣ ಬಿಟ್ಟು ಕೊನೆಗೆ ಇಲ್ಲವಾಗುತ್ತಿದ್ದ ಕಾಲ ಅದು. ಅದಕ್ಕೇ ಕಾಡಂಚಿನ ಹಾಡಿಯವರು ಕಾಡಿಗೆ ಕಾಲಿಟ್ಟರೆ ತಲೆ ಎತ್ತುತ್ತಿರಲಿಲ್ಲ. ಉಳಿದ ಬಣ್ಣವೆಲ್ಲ ಪ್ರವಾಸಿಗರಿಗೆ ಮೀಸಲು. ಹಾಡಿಯ ಪ್ರವಾಸ ಸಮಿತಿಯ ನಿಯಮದಂತೆ ಒಬ್ಬ ಅತಿಥಿಗೆ ಒಂದೇ ನೋಟ.

ಅತಿಥಿಗಳಿಗೆ ದಾರಿ ತೋರಿಸುವ ಕೇತಮ್ಮ, ಕೆರೆಯಂಚಿನ ಬಂಡೆಯ ಮೇಲಿನ ನವಿಲಿನ ಕೊನೆಯ ನೋಟವನ್ನು ಮಗಳು ಮಾದೇವಿಗೆಂದು ಸಮಿತಿಯಲ್ಲಿ ಜಗಳವಾಡಿ ಎತ್ತಿಟ್ಟಿದ್ದಳು. ಆ ಹುಡುಗಿ ನವಿಲಿನ ಕೂಗು ಕೇಳಿದ್ದಳೇ ಹೊರತು ನವಿಲನ್ನು ಕಂಡವಳಲ್ಲ.

ಆದರೆ ಆ ದಿನ ಬೆಳಿಗ್ಗೆ ಬಂದ ಅತಿಥಿಗಳಲ್ಲಿ ಒಬ್ಬ ಮುದುಕಿ ಕೇತಮ್ಮನ ಕೈ ಹಿಡಿದುಕೊಂಡರು.

"ಕನ್ನಡಕಕ್ಕೆ ಮಂಜು ಕಟ್ಟಿತ್ತು ಕಣಮ್ಮ, ನೋಡಿದರೂ ಏನೂ ಕಾಣಲಿಲ್ಲ. ಇನ್ನೊಂದೇ ಒಂದು ಸಲ?"

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಕೇತಮ್ಮನಿಗೆ ಅಭ್ಯಾಸವಿರಲಿಲ್ಲ. "ನೋಡ್ಕಳಿ ಅವ್ವಾ" ಅಂದುಬಿಟ್ಟಳು. ಮುದುಕಿ ಕನ್ನಡಕ ಒರೆಸಿಕೊಂಡು ಕಣ್ತುಂಬ ನೋಡಿದರು. ಆಮೇಲೆ ಬಂಡೆಯ ಮೇಲೆ ಬರೀ ಬಿಸಿಲು ಉಳಿಯಿತು.

ಸಂಜೆ ಮಗಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಕೆರೆಗೆ ಹೋದ ಮೇಲಾದರೂ ಹೇಳೋಣವೆಂದು ಅವಳನ್ನು ಕರೆದೊಯ್ದು ಆ ಬಂಡೆಯ ಮುಂದೆ ನಿಲ್ಲಿಸಿದಳು.

"ಅವ್ವಾ, ನವಿಲು ಅಲ್ಲೇ ಅದಾ?" ತಲೆ ತಗ್ಗಿಸಿಕೊಂಡೇ ಮಾದೇವಿ ಕೇಳಿದಳು.

"ಅದೆ ಕನವ್ವ." ಕೇತಮ್ಮನ ಬಾಯಿಂದ ಬಂದದ್ದು ಅಷ್ಟೇ.

ಮಾದೇವಿ ತನ್ನ ಕಾಲ್ಬೆರಳುಗಳನ್ನೇ ನೋಡುತ್ತ ಬಂಡೆಗೆ ಬೆನ್ನು ತಿರುಗಿಸಿದಳು.

"ನಾ ನೋಡಕಿಲ್ಲ ಬುಡವ್ವ. ನೋಡುದ್ರೆ ಮುಗ್ದೋಯ್ತದೆ. ನಾಳೆ ಬರೋರ್ಗೆ ಇರ್ಲಿ."